‘ಕಾಪಿ’ ಎಂಬ ಕ್ರಿಯಾಪದಕ್ಕೆ ಒಂದೇ ಅರ್ಥ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಇಂಗ್ಲಿಷ್ ಕಲಿಕೆಯ ಅಂಕಣದಲ್ಲಿ ಇತ್ತೀಚೆಗೆ ‘ಕಾಪಿ’ ಎಂಬ ಕ್ರಿಯಾಪದಕ್ಕೆ ‘ನಕಲು ಮಾಡು’ ಎಂಬ ಒಂದೇ ಅರ್ಥವನ್ನು ಕೊಟ್ಟು, ಅದರ ಮುಂದೆ ‘ಇಮಿಟೇಟ್’, ‘ಮಿಮಿಕ್’, ‘ಎಮ್ಯುಲೇಟ್’, ‘ಡೂಪ್ಲಿಕೇಟ್’ ಎಂಬ ಪದಗಳನ್ನು ಸಮಾನಾರ್ಥಕಗಳೆಂದು ಜೋಡಿಸಲಾಗಿತ್ತು. ಕನ್ನಡ ಮಾಧ್ಯಮದ ಮಕ್ಕಳಿಗೆ ಬಹುಕಾಲದಿಂದ ಇಂಗ್ಲಿಷ್ ಪಾಠ ಹೇಳುತ್ತಿರುವ ನನಗೆ, ಎಷ್ಟೋ ಮಕ್ಕಳು ಇಂಥ ಅಂಕಣಗಳನ್ನು ಕತ್ತರಿಸಿ ನೋಟ್‌ಪುಸ್ತಕಕ್ಕೆ ಅಂಟಿಸಿಕೊಂಡು ಬಾಯಿಪಾಠ ಮಾಡುತ್ತಾರೆಂಬುದು ಗೊತ್ತಿರುವುದರಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಕೊಟ್ಟ ಅರ್ಥ ತಪ್ಪಲ್ಲ, ಆದರೆ ಅದೊಂದನ್ನೇ ನಂಬಿ ಹೊರಟ ವಿದ್ಯಾರ್ಥಿ ಮೊದಲ ವಾಕ್ಯದಲ್ಲೇ ಎಡವುತ್ತಾನೆ. ಈ ಕ್ರಿಯಾಪದ ಯಾವ ಅರ್ಥದಲ್ಲಿ ಬಂದಿದೆಯೆಂಬುದನ್ನು ಅದರ ಜೊತೆಯ ಪದಗಳೇ ತೀರ್ಮಾನಿಸುತ್ತವೆ. ಆ ವ್ಯತ್ಯಾಸಗಳನ್ನು ಹಿಡಿಯಲು ಬೇಕಾದ ಸಾಧನಗಳು ಕನ್ನಡದ ವ್ಯಾಕರಣದಲ್ಲಿ ಆಗಲೇ ಇವೆ. ಅಂಕಣ ಅವುಗಳನ್ನು ಬಳಸಿಕೊಳ್ಳಬೇಕೆಂಬುದು ನನ್ನ ಕೋರಿಕೆ.

ಸರಳವಾದ ಒಂದು ವಾಕ್ಯವನ್ನೇ ತೆಗೆದುಕೊಳ್ಳೋಣ. ‘ರಮಾ ಕಾಪಿಡ್ ದಿ ಆನ್ಸರ್ ಫ್ರಮ್ ದ ಬೋರ್ಡ್’ ಎಂಬುದನ್ನು ಕನ್ನಡಕ್ಕೆ ತರಲು ಹೇಳಿದರೆ, ಓದಿನಲ್ಲಿ ಚುರುಕಾದ ಮಕ್ಕಳು ಕೂಡ ‘ರಮಾ ಬೋರ್ಡ್ ನೋಡಿ ಉತ್ತರವನ್ನು ಕಾಪಿ ಹೊಡೆದಳು’ ಎಂದು ಬರೆಯುತ್ತಾರೆ. ಬೋರ್ಡಿನ ಮೇಲೆ ಉತ್ತರ ಬರೆದವರು ಟೀಚರು, ಬರೆದುಕೊಳ್ಳಿ ಎಂದು ಹೇಳಿದವರೂ ಅವರೇ. ರಮಾ ಹೇಳಿದಂತೆ ಕೇಳಿದ್ದಾಳೆ, ಆದರೂ ಅನುವಾದದಲ್ಲಿ ಅವಳು ತಪ್ಪಿತಸ್ಥೆಯಾಗಿಬಿಡುತ್ತಾಳೆ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ನಮ್ಮ ಮಾತಿನೊಳಗೆ ‘ಕಾಪಿ’ ಎಂಬ ಪದ ನೆಲೆಯೂರಿದ್ದೇ ಪರೀಕ್ಷಾ ಕೊಠಡಿಯಲ್ಲಿ. ‘ಹೊಡಿ’ ಎಂಬ ಕ್ರಿಯೆಯ ಜೊತೆ ಸೇರಿ ‘ಕಾಪಿ ಹೊಡಿ’ ಎಂದಾದ ಮೇಲೆ ಅದಕ್ಕೆ ಕಳ್ಳತನದ ವಾಸನೆ ಅಂಟಿಕೊಂಡಿದೆ. ಇಂಗ್ಲಿಷಿನಲ್ಲೂ ಪರೀಕ್ಷೆಯ ಮೋಸಕ್ಕೆ ಇದೇ ಕ್ರಿಯಾಪದವನ್ನು ಬಳಸುತ್ತಾರೆ, ನಿಜ. ಆದರೆ ಅಲ್ಲಿ ಮೂಲ ಪದ ನಿರ್ದೋಷಿಯಾಗಿಯೇ ಉಳಿದಿದೆ, ದೋಷವೇನಿದ್ದರೂ ಸಂದರ್ಭದಿಂದ ಬರುತ್ತದೆ. ‘ಕಾಪಿ ದಿಸ್ ಪೊಯೆಮ್ ಇನ್‌ಟು ಯುವರ್ ನೋಟ್‌ಬುಕ್’ ಎಂದು ಶಿಕ್ಷಕರು ಹೇಳಿದಾಗ ಯಾವ ಮಗುವಿನ ಪ್ರಾಮಾಣಿಕತೆಗೂ ಕುಂದು ಬರುವುದಿಲ್ಲ.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ‘ಷಿ ಕಾಪಿಡ್ ಮಿ’ ಎಂಬ ಮೂರು ಪದಗಳ ವಾಕ್ಯಕ್ಕೆ ಅರ್ಥವೇನು? ಅವಳು ನನ್ನ ಹಾಗೆ ಉಡುಪು ತೊಟ್ಟಳು, ನನ್ನ ಹಾಗೆ ಮಾತಾಡಿದಳು ಎಂಬುದು ಒಂದು ಅರ್ಥ. ಕಚೇರಿಯಲ್ಲಿ ಕೆಲಸ ಮಾಡುವವರು ಇದೇ ವಾಕ್ಯವನ್ನು, ಅವಳು ಇನ್ನೊಬ್ಬರಿಗೆ ಬರೆದ ಇ-ಮೇಲ್‌ನ ಪ್ರತಿಯನ್ನು ನನಗೂ ಕಳುಹಿಸಿದಳು ಎಂಬ ಅರ್ಥದಲ್ಲಿ ಬಳಸುತ್ತಾರೆ. ಶಾಲೆಯ ಜಗಳದಲ್ಲಿ ಮಗುವೊಂದು ಅಳುತ್ತಾ ಇದನ್ನೇ ಹೇಳಿದರೆ, ಅವಳು ನನ್ನ ಉತ್ತರ ನೋಡಿ ಬರೆದಳು ಎಂಬ ದೂರಾಗುತ್ತದೆ. ಇಂಗ್ಲಿಷಿನಲ್ಲಿ ಕೇಳುವವರು ಸಂದರ್ಭವನ್ನು ನೋಡಿ ಊಹಿಸಬೇಕು. ಕನ್ನಡದಲ್ಲಿ ಊಹೆಯ ಅಗತ್ಯವೇ ಇಲ್ಲ, ಏಕೆಂದರೆ ವಿಭಕ್ತಿ ಪ್ರತ್ಯಯ ಆ ಕೆಲಸವನ್ನು ಮಾಡಿ ಮುಗಿಸಿರುತ್ತದೆ. ‘ನನ್ನನ್ನು ಕಾಪಿ ಮಾಡಿದಳು’ ಎಂದರೆ ಅನುಕರಣೆ, ‘ನನ್ನಿಂದ ಕಾಪಿ ಮಾಡಿದಳು’ ಎಂದರೆ ನನ್ನ ಬರಹವನ್ನು ನೋಡಿ ಬರೆದದ್ದು, ‘ನನಗೆ ಕಾಪಿ ಮಾಡಿದಳು’ ಎಂದರೆ ಪ್ರತಿ ಕಳುಹಿಸಿದ್ದು. ಅನ್ನು, ಇಂದ, ಗೆ ಎಂಬ ಈ ಮೂರನ್ನು ಪ್ರಾಥಮಿಕ ಶಾಲೆಯ ಮಗುವೂ ಬಲ್ಲದು. ‘ಇಂದ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಫ್ರಮ್’ ಬರುತ್ತದೆ, ಕಳ್ಳತನದ ಛಾಯೆಯನ್ನು ಗಾಢವಾಗಿಸಬೇಕಾದಲ್ಲಿ ‘ಆಫ್’ ಬರುತ್ತದೆ. ಇ-ಮೇಲ್‌ನ ಅರ್ಥದಲ್ಲಿ ಬ್ರಿಟಿಷರು ‘ಇನ್’ ಸೇರಿಸಿ ‘ಕಾಪಿ ಮಿ ಇನ್’ ಎನ್ನುವುದು ಹೆಚ್ಚು, ಅಮೆರಿಕನ್ನರು ‘ಆನ್’ ಬಳಸಿ ‘ಕಾಪಿ ಮಿ ಆನ್ ದಟ್’ ಎನ್ನುವುದು ಹೆಚ್ಚು. ತನಗೆ ಗೊತ್ತಿರುವ ವಿಭಕ್ತಿಯಿಂದ ಹೊರಟು ಈ ಉಪಸರ್ಗಗಳನ್ನು ತಲುಪುವ ಮಗುವಿಗೆ ದಾರಿ ನೇರವಾಗುತ್ತದೆ. ‘ನಕಲು ಮಾಡು’ ಎಂಬ ಒಂದೇ ಅರ್ಥದಿಂದ ಹೊರಟ ಮಗುವಿಗೆ ಈ ಮೂರು ದಾರಿಗಳು ಬೇರೆಯೆಂಬುದೇ ಕಾಣುವುದಿಲ್ಲ.

ಪ್ರತ್ಯಯಗಳ ಮಾತು ವಿಭಕ್ತಿಗೇ ಮುಗಿಯುವುದಿಲ್ಲ. ಇಂಗ್ಲಿಷಿನಲ್ಲಿ ‘ಕಾಪಿ ಡೌನ್’ ಎಂದರೆ ಕಂಡದ್ದನ್ನೋ ಕೇಳಿದ್ದನ್ನೋ ಮುಂದಿನ ಉಪಯೋಗಕ್ಕಾಗಿ ತನ್ನಲ್ಲಿ ಬರೆದಿಟ್ಟುಕೊಳ್ಳುವುದು, ‘ಕಾಪಿ ಔಟ್’ ಎಂದರೆ ಇರುವ ಬರಹವನ್ನು ಪೂರ್ತಿಯಾಗಿ ಮತ್ತೊಮ್ಮೆ ಕೈಯಲ್ಲಿ ಬರೆದು ತೆಗೆಯುವುದು. ಮೊದಲನೆಯದಕ್ಕೆ ಕನ್ನಡದಲ್ಲಿ ‘ಬರೆದುಕೊ’ ಎಂಬುದಕ್ಕಿಂತ ಸಮರ್ಪಕವಾದ ಪದ ಬೇಕಿಲ್ಲ. ಅಲ್ಲಿರುವ ‘ಕೊಳ್ಳು’ ಎಂಬ ಸಹಾಯಕ ಕ್ರಿಯೆ, ಮಾಡಿದ ಕೆಲಸ ಮಾಡಿದವರಿಗೇ ಒದಗುತ್ತದೆಂಬುದನ್ನು ಎರಡಕ್ಷರದಲ್ಲಿ ಹೇಳಿಬಿಡುತ್ತದೆ. ಎರಡನೆಯದಕ್ಕೆ ‘ಪ್ರತಿ ಮಾಡು’, ‘ನಕಲು ಇಳಿಸು’ ಎಂಬ ಮಾತುಗಳಿವೆ. ಹಾಗೆಯೇ ಬೇರೆಯವರ ಕೈಯಿಂದ ಪ್ರತಿ ತೆಗೆಸುವುದಕ್ಕೆ ಇಂಗ್ಲಿಷಿನವರು ‘ಹ್ಯಾಡ್ ಇಟ್ ಕಾಪಿಡ್’ ಎಂದು ವಾಕ್ಯದ ರಚನೆಯನ್ನೇ ಬದಲಿಸಬೇಕಾಗುತ್ತದೆ. ನಮಗೆ ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯ ಸಾಕು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದನ್ನು ಎಲ್ಲರೂ ಓದಿದ್ದೇವೆ. ಆ ‘ಬರೆಸಿ’ ಎಂಬ ಒಂದು ಪದದಲ್ಲಿ ಲಿಪಿಕಾರರ ಶ್ರಮ, ಅತ್ತಿಮಬ್ಬೆಯ ಸಂಕಲ್ಪ ಎರಡೂ ಇವೆ. ಇಂದು ‘ಜೆರಾಕ್ಸ್ ಮಾಡಿಸಿದೆ’ ಎನ್ನುವಾಗ ನಾವು ಬಳಸುವುದೂ ಅದೇ ಪ್ರತ್ಯಯವನ್ನು. ಈ ಮಾತನ್ನು ಇಂಗ್ಲಿಷಿಗೆ ತರುವ ವಿದ್ಯಾರ್ಥಿಗೆ ‘ಇಸು’ ಎಲ್ಲಿ ಹೋಯಿತು ಎಂದು ಒಂದು ಪ್ರಶ್ನೆ ಕೇಳಿ ನೋಡಿ. ‘ಹ್ಯಾಡ್’ ಅಥವಾ ‘ಗಾಟ್’ ಎಂಬುದರ ಅಗತ್ಯ ಅವನಿಗೆ ತಾನಾಗಿ ಹೊಳೆಯುತ್ತದೆ.

ಪದದ ಚರಿತ್ರೆಯನ್ನೂ ಅಂಕಣಕಾರರು ಒಂದಿಷ್ಟು ಹೇಳಿದ್ದರೆ ಮಕ್ಕಳಿಗೆ ಈ ಪದದ ಬಗ್ಗೆ ಗೌರವ ಹುಟ್ಟುತ್ತಿತ್ತು. ಲ್ಯಾಟಿನ್ ಭಾಷೆಯ ‘ಕೋಪಿಯ’ ಎಂಬ ಪದಕ್ಕೆ ಸಮೃದ್ಧಿ, ಹೇರಳ ಎಂದು ಅರ್ಥ. ಇಂಗ್ಲಿಷಿನ ‘ಕೋಪಿಯಸ್’ ಎಂಬ ವಿಶೇಷಣದಲ್ಲಿ ಆ ಅರ್ಥ ಇಂದಿಗೂ ಹಾಗೆಯೇ ಉಳಿದಿದೆ. ಮಧ್ಯಯುಗದ ಲ್ಯಾಟಿನ್ನಿನಲ್ಲಿ, ಬರಹವೊಂದನ್ನು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುವುದು ಎಂಬ ಮಾತಿನ ಮೂಲಕ ಅದು ಪ್ರತಿ ಮಾಡುವ ಕ್ರಿಯೆಯ ಕಡೆಗೆ ಸರಿಯಿತು. ಫ್ರೆಂಚ್ ಮೂಲಕ ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಒಂದು ಗ್ರಂಥ ಹೆಚ್ಚಾಗಬೇಕಾದರೆ ಯಾರಾದರೂ ಕುಳಿತು ಅಕ್ಷರ ಅಕ್ಷರವನ್ನೂ ಬರೆಯಬೇಕಿತ್ತು. ಹೆಚ್ಚುವುದಕ್ಕೂ ಪ್ರತಿಯಾಗುವುದಕ್ಕೂ ಒಂದೇ ಪದವಾದದ್ದು ಹೀಗೆ.

ಇದಕ್ಕಿಂತ ಸ್ವಾರಸ್ಯವಾದದ್ದು, ‘ಕಾಪಿ’ ಎಂಬುದು ಇಂಗ್ಲಿಷಿನಲ್ಲಿ ಮೂಲಕ್ಕೂ ಹೆಸರಾಗಿದೆ ಎಂಬುದು. ಸಂಪಾದಕರೇ, ಇದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ವರದಿಗಾರರು ತಮ್ಮ ಕೈಯಾರೆ ಹೊಸದಾಗಿ ಬರೆದು ಡೆಸ್ಕಿಗೆ ಕಳುಹಿಸುವ ಸುದ್ದಿಗೆ ನಿಮ್ಮ ಕಚೇರಿಯಲ್ಲಿ ‘ಕಾಪಿ’ ಎಂದೇ ಹೆಸರು, ಅದನ್ನು ತಿದ್ದುವವರು ‘ಕಾಪಿ ಎಡಿಟರ್’. ಅಚ್ಚುಮೊಳೆ ಜೋಡಿಸುವವರು ಮುಂದಿಟ್ಟುಕೊಂಡು ನೋಡುತ್ತಿದ್ದ ಬರಹಕ್ಕೆ ಆ ಹೆಸರು ಬಂದು, ಅದೇ ಮುಂದುವರಿಯಿತು. ಜಾಹೀರಾತಿನ ಪಠ್ಯವನ್ನು ಬರೆಯುವ ‘ಕಾಪಿರೈಟರ್’ ಮಾಡುವುದೂ ಹೊಸ ಬರವಣಿಗೆಯನ್ನೇ. ಅಕ್ಷರ ತಿದ್ದುವ ಮಕ್ಕಳಿಗೆ ಮೇಲ್ಪಂಕ್ತಿ ಹಾಕಿಕೊಡುತ್ತಿದ್ದ ಪುಸ್ತಕ ‘ಕಾಪಿಬುಕ್’. ಆ ಮೇಲ್ಪಂಕ್ತಿಯಷ್ಟು ಅಚ್ಚುಕಟ್ಟಾದ ಹೊಡೆತವನ್ನು ಕ್ರಿಕೆಟ್ ವೀಕ್ಷಕ ವಿವರಣೆಗಾರರು ‘ಕಾಪಿಬುಕ್ ಶಾಟ್’ ಎಂದು ಹೊಗಳುವುದನ್ನು ಮಕ್ಕಳು ಕೇಳಿರುತ್ತಾರೆ. ಅದನ್ನು ‘ನಕಲು ಪುಸ್ತಕದ ಹೊಡೆತ’ ಎಂದು ಅನುವಾದಿಸಿದರೆ ಪ್ರಶಂಸೆ ನಿಂದೆಯಾಗುತ್ತದೆ. ಕೃತಿಸ್ವಾಮ್ಯಕ್ಕೆ ಬಳಸುವ ‘ಕಾಪಿರೈಟ್’ ಎಂಬುದರಲ್ಲಿಯೂ ಇದೇ ಎಳೆಯಿದೆ. ಬ್ರಿಟನ್ನಿನಲ್ಲಿ 1710ರಲ್ಲಿ ಜಾರಿಗೆ ಬಂದು, ಆನ್ ರಾಣಿಯ ಶಾಸನವೆಂದು ಹೆಸರಾದ ಕಾನೂನಿನ ಶೀರ್ಷಿಕೆಯಲ್ಲೇ, ಮುದ್ರಿತ ಪುಸ್ತಕಗಳ ‘ಕಾಪಿ’ಗಳನ್ನು ಲೇಖಕರಿಗೆ ಅಥವಾ ಅವುಗಳನ್ನು ಕೊಂಡವರಿಗೆ ವಹಿಸಿಕೊಡುವ ಮಾತಿದೆ. ಅಲ್ಲಿ ‘ಕಾಪಿ’ ಎಂದರೆ ಅಂಗಡಿಯಲ್ಲಿ ಮಾರುವ ಪ್ರತಿ ಅಲ್ಲ, ಕೃತಿಯನ್ನು ಅಚ್ಚು ಹಾಕಿಸುವ ಹಕ್ಕು. ಹೊಸ ಪುಸ್ತಕಕ್ಕೆ ಆ ಹಕ್ಕು 14 ವರ್ಷ ಇರುತ್ತಿತ್ತು, ಅವಧಿ ಮುಗಿದಾಗ ಲೇಖಕ ಬದುಕಿದ್ದರೆ ಇನ್ನೂ 14 ವರ್ಷ ಸಿಗುತ್ತಿತ್ತು. ‘ಕಾಪಿರೈಟ್’ನಲ್ಲಿರುವ ‘ರೈಟ್’ ಎಂದರೆ ಹಕ್ಕು, ‘ಕಾಪಿರೈಟರ್’ನಲ್ಲಿರುವ ‘ರೈಟ್’ ಎಂದರೆ ಬರೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ರೀತಿ ಕಾಣುವುದರಿಂದ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗುತ್ತದೆ.

ಯಂತ್ರಗಳು ಬಂದಂತೆ ಈ ಕ್ರಿಯಾಪದಕ್ಕೆ ಸೇರಿಕೊಂಡ ಅರ್ಥಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಇ-ಮೇಲ್‌ನ ಮೇಲ್ಭಾಗದಲ್ಲಿ ಕಾಣುವ ‘ಸಿಸಿ’ ಎಂಬುದು ‘ಕಾರ್ಬನ್ ಕಾಪಿ’ಯ ಹ್ರಸ್ವರೂಪ. ಹಾಳೆಗಳ ನಡುವೆ ಮಸಿಹಾಳೆಯಿಟ್ಟು ಒಮ್ಮೆಗೇ ಎರಡು ಪ್ರತಿ ತೆಗೆಯುವ ವಿಧಾನಕ್ಕೆ ರಾಲ್ಫ್ ವೆಜ್‌ವುಡ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1806ರಲ್ಲಿ. ಮಸಿಹಾಳೆ ಮರೆಯಾದರೂ ಅದರ ಹೆಸರು ಪರದೆಯ ಮೇಲೆ ನಿಂತಿದೆ. ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ಒಣ ವಿಧಾನದಿಂದ ಮೊದಲ ಪ್ರತಿಯನ್ನು ಮೂಡಿಸಿದರು. ಅದನ್ನು ಆಧರಿಸಿ 1959ರಲ್ಲಿ ಬಂದ ಯಂತ್ರದ ಯಶಸ್ಸಿನಿಂದ ಕಂಪನಿಯ ಹೆಸರಾದ ‘ಜೆರಾಕ್ಸ್’ ನಮ್ಮ ಬಾಯಲ್ಲಿ ಕ್ರಿಯಾಪದವೇ ಆಯಿತು. ಅದೇ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಅವರ ಸಹೋದ್ಯೋಗಿಗಳು ಕಂಪ್ಯೂಟರಿನ ‘ಕಟ್, ಕಾಪಿ, ಪೇಸ್ಟ್’ ಆದೇಶಗಳನ್ನು ರೂಪಿಸಿದರು. ಇಲ್ಲಿ ಗಮನಿಸಬೇಕಾದದ್ದೆಂದರೆ, ‘ಕಟ್’ ಮಾಡಿ ಬೇರೆಡೆ ಅಂಟಿಸಿದಾಗ ಮೂಲ ತನ್ನ ಜಾಗದಿಂದ ಹೋಗುತ್ತದೆ, ‘ಕಾಪಿ’ ಮಾಡಿದಾಗ ಮೂಲ ಅಲ್ಲೇ ಉಳಿಯುತ್ತದೆ. ಮೂಲಕ್ಕೆ ಊನವಾಗದಿರುವುದು ಈ ಕ್ರಿಯಾಪದದ ಮುಖ್ಯ ಲಕ್ಷಣಗಳಲ್ಲೊಂದು. ಮೊಬೈಲ್‌ಗಳ ಕನ್ನಡ ಆವೃತ್ತಿಯಲ್ಲಿ ಇದಕ್ಕೆ ‘ನಕಲಿಸಿ’ ಎಂದು ಬಳಸುತ್ತಾರೆ. ನಾಮಪದಕ್ಕೆ ‘ಇಸು’ ಸೇರಿಸಿ ಕ್ರಿಯಾಪದ ಮಾಡಿಕೊಳ್ಳುವುದು ಕನ್ನಡಕ್ಕೆ ಸಹಜವಾದ ಮಾರ್ಗವಾದ್ದರಿಂದ ಈ ರೂಪ ನನಗೆ ಬಹಳ ಹಿಡಿಸಿದೆ. ಇನ್ನು ವೈರ್‌ಲೆಸ್ ಸಂಭಾಷಣೆಯಲ್ಲಿ ‘ಡು ಯು ಕಾಪಿ?’ ಎಂದರೆ ನಾನು ಹೇಳಿದ್ದು ನಿಮಗೆ ಸ್ಪಷ್ಟವಾಗಿ ಕೇಳಿಸಿತೇ ಎಂಬ ಪ್ರಶ್ನೆ. ಮೋರ್ಸ್ ಸಂಕೇತವನ್ನು ಕಿವಿಯಲ್ಲಿ ಕೇಳುತ್ತಾ ಅಕ್ಷರಕ್ಕಿಳಿಸುವ ಕೆಲಸವನ್ನು ಆಪರೇಟರ್‌ಗಳು ‘ಕಾಪಿ’ ಎನ್ನುತ್ತಿದ್ದುದನ್ನು ನೆನೆದರೆ ಈ ಬಳಕೆ ವಿಚಿತ್ರವೆನಿಸುವುದಿಲ್ಲ. ಸಿನಿಮಾ ನೋಡಿದ ಹುಡುಗರು ಇದರ ಅರ್ಥವನ್ನು ನನ್ನಲ್ಲಿ ಕೇಳುತ್ತಲೇ ಇರುತ್ತಾರೆ.

ಸಮಾನಾರ್ಥಕಗಳ ಪಟ್ಟಿಯ ಬಗ್ಗೆ ನನ್ನ ಆಕ್ಷೇಪ ಇನ್ನೂ ಗಂಭೀರವಾದದ್ದು. ‘ಇಮಿಟೇಟ್’ ಎಂಬುದಕ್ಕೆ ಲ್ಯಾಟಿನ್ನಿನ ಬಿಂಬವೆಂಬ ಅರ್ಥದ ಪದದೊಡನೆ ನಂಟಿದೆ. ರೀತಿಯನ್ನು, ಶೈಲಿಯನ್ನು, ನಡೆಯನ್ನು ಅನುಸರಿಸುವುದಕ್ಕೆ ಅದು ಸಲ್ಲುತ್ತದೆ. ಕವಿಯೊಬ್ಬನ ಶೈಲಿಯನ್ನು ‘ಇಮಿಟೇಟ್’ ಮಾಡಬಹುದು, ಆದರೆ ಕಂಪ್ಯೂಟರಿನ ಕಡತವನ್ನು ‘ಇಮಿಟೇಟ್’ ಮಾಡಲಾಗದು. ‘ಮಿಮಿಕ್’ ಎಂದರೆ ಧ್ವನಿ, ಹಾವಭಾವಗಳನ್ನು ಹಾಗೆಹಾಗೆಯೇ ಆಡಿ ತೋರಿಸುವುದು, ಹಲವು ವೇಳೆ ನಗಿಸುವುದಕ್ಕಾಗಿ ಅಥವಾ ಗೇಲಿಗಾಗಿ. ಆದರೆ ಜೀವವಿಜ್ಞಾನದಲ್ಲಿ ಆ ಗೇಲಿಯ ಸುಳಿವೂ ಇಲ್ಲ. ಹಕ್ಕಿಗಳು ತಿನ್ನಲೊಲ್ಲದ ಒಂದು ಚಿಟ್ಟೆಯ ಬಣ್ಣವನ್ನೇ ಹೋಲುವ ಬಣ್ಣ ತಳೆದು, ತಿನ್ನಲು ಯೋಗ್ಯವಾದ ಇನ್ನೊಂದು ಚಿಟ್ಟೆ ಪಾರಾಗುವುದನ್ನು ಹೆನ್ರಿ ವಾಲ್ಟರ್ ಬೇಟ್ಸ್ 1862ರಲ್ಲಿ ವಿವರಿಸಿದರು, ಆ ವಿದ್ಯಮಾನಕ್ಕೆ ‘ಮಿಮಿಕ್ರಿ’ ಎಂದೇ ಹೆಸರಾಯಿತು. ‘ಡೂಪ್ಲಿಕೇಟ್’ ಎಂದರೆ ಇನ್ನೊಂದು ಅಂಥದ್ದನ್ನೇ ಮಾಡುವುದು. ವಿಜ್ಞಾನಿಗಳು ಒಬ್ಬರ ಪ್ರಯೋಗವನ್ನು ಇನ್ನೊಬ್ಬರು ಮತ್ತೆ ಮಾಡಿ ಅದೇ ಫಲಿತಾಂಶ ಬರುವುದೇ ಎಂದು ಪರೀಕ್ಷಿಸುವುದಕ್ಕೆ ‘ರೆಪ್ಲಿಕೇಟ್’ ಎನ್ನುತ್ತಾರೆ. ಅಲ್ಲಿ ನಕಲು ಎಂಬ ಪದವನ್ನು ತಂದರೆ ವಿಜ್ಞಾನದ ಒಂದು ಸದ್ಗುಣವೇ ಅಪರಾಧದಂತೆ ಕೇಳಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಅನ್ಯಾಯವಾಗಿರುವುದು ‘ಎಮ್ಯುಲೇಟ್’ ಎಂಬ ಪದಕ್ಕೆ. ಅದರ ಲ್ಯಾಟಿನ್ ಮೂಲದಲ್ಲಿ ಸ್ಪರ್ಧಿ ಎಂಬ ಅರ್ಥವಿದೆ. ಒಬ್ಬರನ್ನು ಮೆಚ್ಚಿ, ಅವರ ಸಾಧನೆಯ ಮಟ್ಟಕ್ಕೆ ಏರಲು, ಸಾಧ್ಯವಾದರೆ ಅವರನ್ನೂ ಮೀರಲು ಶ್ರಮಿಸುವುದು ಈ ಕ್ರಿಯಾಪದದ ತಿರುಳು. ತಂಗಿ ಅಕ್ಕನ ಉತ್ತರಪತ್ರಿಕೆಯನ್ನು ನೋಡಿ ಬರೆದರೆ ಅದು ‘ಕಾಪಿ’, ಅಕ್ಕನ ನಡಿಗೆಯನ್ನು ನಡೆದು ತೋರಿಸಿದರೆ ‘ಮಿಮಿಕ್’, ಅಕ್ಕನಂತೆ ಬರೆಯಲು ಯತ್ನಿಸಿದರೆ ‘ಇಮಿಟೇಟ್’, ಅಕ್ಕ ಗಳಿಸಿದ ಪದಕವನ್ನು ತಾನೂ ಗಳಿಸಲು ಹಗಲಿರುಳು ದುಡಿದರೆ ‘ಎಮ್ಯುಲೇಟ್’. ‘ಸರಿಗಟ್ಟಲು ಯತ್ನಿಸು’, ‘ಮೇಲ್ಪಂಕ್ತಿಯಾಗಿ ಇಟ್ಟುಕೊಂಡು ಶ್ರಮಿಸು’ ಎಂದು ಅದಕ್ಕೆ ಅರ್ಥ ಹೇಳಬೇಕು. ಉದ್ಯೋಗಕ್ಕಾಗಿ ಬರೆಯುವ ಪತ್ರದಲ್ಲಿ ಹಿರಿಯರೊಬ್ಬರನ್ನು ‘ಎಮ್ಯುಲೇಟ್’ ಮಾಡಲು ಬಯಸುತ್ತೇನೆ ಎಂದರೆ ಮೆಚ್ಚುಗೆ ಸಿಗುತ್ತದೆ. ಅಂಕಣದ ಪಟ್ಟಿಯನ್ನು ನಂಬಿ ಅದರ ಜಾಗದಲ್ಲಿ ‘ಕಾಪಿ’ ಎಂದು ಬರೆದವನ ಅರ್ಜಿಯನ್ನು ಓದುವವರು ಹುಬ್ಬುಗಂಟಿಕ್ಕುತ್ತಾರೆ.

ಕನ್ನಡದ ಕಡೆಯಿಂದಲೂ ಒಂದು ಎಚ್ಚರ ಬೇಕು. ‘ನಕಲು’ ಎಂಬುದು ಅರಬ್ಬಿ ಮೂಲದಿಂದ ಬಂದು ನಮ್ಮದೇ ಆಗಿರುವ ಪದ. ಕಚೇರಿಯ ಭಾಷೆಯಲ್ಲಿ ಅದು ಗೌರವಾನ್ವಿತ ಪದ. ಅಂಕಪಟ್ಟಿಯ ನಕಲು ಎಂದರೆ ಅಂಕಪಟ್ಟಿಯ ಪ್ರತಿ, ಅದನ್ನು ಅಧಿಕಾರಿಗಳು ದೃಢೀಕರಿಸಿಯೂ ಕೊಡುತ್ತಾರೆ. ಉಕಾರ ಹೋಗಿ ಇಕಾರ ಬಂದು ‘ನಕಲಿ’ ಆದೊಡನೆ ಅದು ಖೋಟಾ ಆಗುತ್ತದೆ, ನಕಲಿ ಅಂಕಪಟ್ಟಿ ಹೊಂದಿದವರು ಶಿಕ್ಷೆಗೆ ಗುರಿಯಾಗುತ್ತಾರೆ. ಈ ಎರಡನ್ನೂ ಇಂಗ್ಲಿಷಿನಲ್ಲಿ ‘ಕಾಪಿ’ ಎಂದರೆ ಪೂರ್ತಿ ಸರಿಯಾಗದು. ಎರಡನೆಯದಕ್ಕೆ ‘ಫೇಕ್’, ‘ಫೋರ್ಜ್ಡ್’, ‘ಕೌಂಟರ್‌ಫೀಟ್’ ಎಂಬ ಪದಗಳು ಬೇಕು. ಹಾಗೆಯೇ ಭಾರತೀಯರ ಇಂಗ್ಲಿಷಿನಲ್ಲಿ ‘ಡೂಪ್ಲಿಕೇಟ್’ ಎಂದರೆ ಕಳಪೆ ಖೋಟಾ ಮಾಲು ಎಂಬ ಅರ್ಥ ಬೆಳೆದಿದೆ. ಹೊರದೇಶದವರಿಗೆ ‘ಡೂಪ್ಲಿಕೇಟ್ ಕೀ’ ಎಂದರೆ ಬೀಗಕ್ಕೆ ಮಾಡಿಸಿದ ಎರಡನೆಯ ಕೀಲಿಕೈ ಅಷ್ಟೇ. ನಮ್ಮ ಬಳಕೆಯನ್ನು ತಪ್ಪೆಂದು ನಾನು ಹೇಳುವುದಿಲ್ಲ. ಭಾಷೆ ಎಲ್ಲಿ ನೆಲೆಸುತ್ತದೋ ಅಲ್ಲಿ ಹೊಸ ಅರ್ಥ ಪಡೆಯುತ್ತದೆ. ಆದರೆ ಎರಡು ಬಳಕೆಗಳಿವೆಯೆಂಬುದು ಕಲಿಯುವವರಿಗೆ ಗೊತ್ತಿರಬೇಕು.

ರೂಪಗಳ ಬಗ್ಗೆ ಒಂದೇ ಮಾತು. ಭೂತಕಾಲದಲ್ಲಿ ಕೊನೆಯ ‘ವೈ’ ಅಕ್ಷರ ‘ಐ’ ಆಗುತ್ತದೆ, ‘ಇಂಗ್’ ಸೇರಿದಾಗ ಮಾತ್ರ ‘ವೈ’ ಹಾಗೆಯೇ ಉಳಿಯಬೇಕು. ಅದನ್ನು ಬಿಟ್ಟು ಬರೆದರೆ ‘ಕೋಪಿಂಗ್’ ಎಂದಾಗಿ, ಕಷ್ಟವನ್ನು ನಿಭಾಯಿಸುವುದು ಎಂಬ ಅರ್ಥ ಕೊಡುವ ಬೇರೊಂದು ಕ್ರಿಯಾಪದವೇ ಕಾಣಿಸಿಕೊಳ್ಳುತ್ತದೆ. ಉತ್ತರಪತ್ರಿಕೆಗಳಲ್ಲಿ ಇದು ಪದೇಪದೇ ಕಾಣುವ ತಪ್ಪು. ‘ಮಿಮಿಕ್’ಗೆ ‘ಇಂಗ್’ ಸೇರಿಸುವಾಗ ನಡುವೆ ‘ಕೆ’ ಅಕ್ಷರ ಬರಬೇಕೆಂಬುದನ್ನೂ ಇದರೊಂದಿಗೇ ಹೇಳಿಕೊಡಬಹುದು.

ಅಂಕಣದ ಸ್ಥಳಾವಕಾಶ ಸೀಮಿತವೆಂಬುದು ನನಗೆ ತಿಳಿದಿದೆ. ಆದರೂ ನಾಲ್ಕು ಸಮಾನಾರ್ಥಕಗಳನ್ನು ಸಾಲಾಗಿ ಮುದ್ರಿಸುವ ಜಾಗದಲ್ಲಿ ಮೂರು ವಾಕ್ಯಗಳನ್ನು ಮುದ್ರಿಸಬಹುದು, ಪ್ರತಿ ವಾಕ್ಯದ ಕೆಳಗೆ ಅದರ ಕನ್ನಡ ರೂಪವನ್ನೂ ವಿಭಕ್ತಿ ಎದ್ದು ಕಾಣುವಂತೆ ಕೊಡಬಹುದು. ‘ಕಾಪಿ’ ಎಂಬ ಇದೇ ಕ್ರಿಯಾಪದವನ್ನು ಮತ್ತೊಮ್ಮೆ ಎತ್ತಿಕೊಂಡು, ‘ನನ್ನನ್ನು’, ‘ನನ್ನಿಂದ’, ‘ನನಗೆ’ ಎಂಬ ಮೂರು ಉದಾಹರಣೆಗಳೊಂದಿಗೆ ಅದನ್ನು ವಿವರಿಸಬೇಕೆಂದೂ, ‘ಎಮ್ಯುಲೇಟ್’ ಪದವನ್ನು ಆ ಪಟ್ಟಿಯಿಂದ ತೆಗೆದು ಅದರ ಸರಿಯಾದ ಅರ್ಥವನ್ನು ತಿದ್ದುಪಡಿಯ ರೂಪದಲ್ಲಿ ಪ್ರಕಟಿಸಬೇಕೆಂದೂ ಅಂಕಣಕಾರರಲ್ಲಿ ವಿನಂತಿಸುತ್ತೇನೆ. ಅಂಕಣವನ್ನು ಈಗಾಗಲೇ ಪುಸ್ತಕಕ್ಕೆ ಅಂಟಿಸಿಕೊಂಡಿರುವ ಮಕ್ಕಳು ತಿದ್ದುಪಡಿಯನ್ನೂ ಅದರ ಪಕ್ಕದಲ್ಲೇ ಅಂಟಿಸಿಕೊಳ್ಳಲು ಅನುಕೂಲವಾಗುವಂತೆ, ಅದು ಅಂಕಣದ ಮಾಮೂಲಿ ಜಾಗದಲ್ಲಿ, ಅದೇ ಅಳತೆಯಲ್ಲಿ ಬಂದರೆ ಒಳ್ಳೆಯದು.

ಇತಿ,
ತಮ್ಮ ವಿಶ್ವಾಸಿ,
ಇಂಗ್ಲಿಷ್ ಅಧ್ಯಾಪಕಿ ಹಾಗೂ ತಮ್ಮ ಪತ್ರಿಕೆಯ ಓದುಗಳು